ಹಜರತಅಲಿಯ ಒಂದನೇ ನಂಬರು

ಮೂಡಲಗಿಯ ನದಾಫರ ಓಣಿಯಲ್ಲಿ ಹಜರತಅಲಿಯ ಮನೆ ಎಲ್ಲಿ ಎಂದು ಕೇಳಿದರೆ ಸಣ್ಣ ಹುಡುಗರೂ ಬೆರಳು ಮೇಲೆ ಮಾಡಿ ತೋರಿಸುತ್ತಾರೆ. ಮಾಳಿಗೆಯ ಮೇಲೊಂದು ಕಬ್ಬಿಣದ ಕಂಬ, ಆ ಕಂಬದಿಂದ ಹಿತ್ತಲ ಬೇವಿನ ಮರಕ್ಕೆ ಎಳೆದ ಉದ್ದನೆಯ ತಂತಿ. ಅರಿವೆ ಒಣಹಾಕಲು ಇಷ್ಟು ಎತ್ತರ ಯಾಕೆ ಎಂದು ಹೊಸಬರು ಕೇಳುವುದುಂಟು. ಹಳಬರು ನಗುತ್ತಾರೆ. ಅದು ಹಜರತಅಲಿ ಜಪಾನು, ರಶಿಯಾ, ಬ್ರೆಜಿಲ್ಲಿನವರ ಜೊತೆ ಮಾತಾಡುವ ತಂತಿ.

ಹಗಲೆಲ್ಲ ರೈತರ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತಿ ಸಂಸಾರ ನಡೆಸುವ ಈ ಮನುಷ್ಯನಿಗೆ ಬೀಡಿಯ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ. ಇರುವುದೊಂದೇ, ಹ್ಯಾಮ್ ರೇಡಿಯೋ. ಸರಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವನು. ಬಾಯಿಂದ ಮಾತಾಡುವುದಕ್ಕಿಂತ ಮೋರ್ಸ್ ಕೀ ಒತ್ತಿ ಟಿಕ್ಕು ಟಕ್ಕು ಎಂದು ಮಾತಾಡುವುದೇ ಅವನಿಗೆ ಇಷ್ಟ. ಅದರಲ್ಲೂ ಅವನ ಜೀವ ಇರುವುದು ಸ್ಪರ್ಧೆಗಳಲ್ಲಿ. ನವೆಂಬರಿನ ಕೊನೆಯ ಶನಿವಾರ, ರವಿವಾರ ದೊಡ್ಡ ಸ್ಪರ್ಧೆ. ಆ ಎರಡು ದಿನಗಳಲ್ಲಿ ಹೆಚ್ಚು ಜನರನ್ನು, ಹೆಚ್ಚು ದೇಶಗಳನ್ನು ರೇಡಿಯೋದಲ್ಲಿ ಹಿಡಿದವನು ಗೆದ್ದ. ಮನೆಯಲ್ಲಿ ಏನು ತಿರುಗಿದರೂ ರೇಡಿಯೋ ಗರ್ ಎನ್ನುತ್ತದೆಂದು ಅಂದು ಮಿಕ್ಸರ್ ಬಂದ್, ಟಿ.ವಿ. ಬಂದ್, ಬೋರಿನ ಮೋಟರೂ ಬಂದ್. ಹೆಂಡತಿ ಬೇಬಿಜಾನ ಹಿಂದಿನ ದಿನವೇ ಕೊಡಗಳಿಗೆಲ್ಲ ನೀರು ತುಂಬಿಡಬೇಕು.

"ಊರ ಮಂದಿ ಮೋಟರ ಚಾಲೂ ಮಾಡಿಕೊಡಾಂವ, ಮನ್ಯಾಗಿನ ಮೋಟರ ಬಂದ್ ಮಾಡಸ್ತಾನ ನೋಡ," ಎಂದು ಅವನ ತಾಯಿ ರಹಿಮಾಬಿ ವರ್ಷಕ್ಕೊಮ್ಮೆ ಅನ್ನದೆ ಬಿಡುತ್ತಿರಲಿಲ್ಲ.

ಮಗ ಸೈಫಅಲಿಗೆ ಈ ಹುಚ್ಚು ಅಂಟಲಿಲ್ಲ. ಮಗಳು ಕೈನಾತಳಿಗೆ ಅಂಟಿತು. ಸಾಲಿಗೆ ಹೋಗುವಾಗಲೇ ರೊಟ್ಟಿ ಬಡಿಯುವ ಸಪ್ಪಳದಲ್ಲಿ ಅಕ್ಷರ ಹುಡುಕುತ್ತಿದ್ದವಳು, ಬಿ.ಎಸ್ಸಿ. ಮುಗಿಸುವ ಮೊದಲೇ ಪರೀಕ್ಷೆ ಬರೆದು ತನ್ನದೇ ಲೈಸೆನ್ಸ್, ತನ್ನದೇ ಕಾಲ್‌ಸೈನ್ ಪಡೆದಳು. ಕಾಲ್‌ಸೈನ್ ಎಂದರೆ ಗಾಳಿಯಲ್ಲಿ ಒಬ್ಬೊಬ್ಬರಿಗೆ ಇರುವ ಹೆಸರು. ಕಳೆದ ವರ್ಷದ ಸ್ಪರ್ಧೆಗೆ ಆ ಹೆಸರಿನ ಮೇಲೆ ಕೂರುತ್ತೇನೆಂದು ಅವಳು ಹಟ ಹಿಡಿದಾಗ ಹಜರತಅಲಿ ಪಕ್ಕಕ್ಕೆ ಕೂರಿಸಿಕೊಂಡು ಸಮಾಧಾನ ಹೇಳಿದ್ದ.

"ಒಂದ ಮನ್ಯಾಗ ಎರಡು ರೇಡಿಯೋ ಹಚ್ಚಿದ್ರ ಒಂದಕ್ಕೊಂದು ಬಡದಾಡತಾವವಾ. ನನ್ನ ಕಾಲ್‌ಸೈನ್ ಮ್ಯಾಲ ಇಬ್ಬರೂ ಪಾಳಿ ಹಚ್ಚಿ ಕುಂದ್ರೂಣು. ಹಿಡದವರ ಪಟ್ಟಿ ಕಳಸುವಾಗ ಇಬ್ಬರ ಹೆಸರೂ ಬರದ ಕಳಸ್ತೇನಿ. ಫಲಿತಾಂಶ ತಗೊಂಡು ನಾನ ಕೇದಾರಿ ಸಾಹೇಬ್ರ ಕಡೆ ನಿನ್ನ ಕರಕೊಂಡು ಹೋಗತೇನಿ."

ಕೇದಾರಿ ಬೆಳಗಾವಿಯ ಎಂಜಿನಿಯರು. ಪ್ರತಿ ಜನೆವರಿಯಲ್ಲಿ ನಾಲ್ಕೈದು ಮಂದಿಯನ್ನು ಆರಿಸಿ ಲಕ್ಷದ್ವೀಪಕ್ಕೆ ಒಯ್ದು ಅಲ್ಲಿಂದ ರೇಡಿಯೋ ನಡೆಸುವವರು. ಅಂಥ ದ್ವೀಪದಿಂದ ಕರೆದರೆ ಇಡೀ ಜಗತ್ತು ಸಾಲುಗಟ್ಟಿ ನಿಲ್ಲುತ್ತದೆ. ಕೈನಾತಳಿಗೆ ಆ ಕುರ್ಚಿ ಬೇಕಿತ್ತು, ಬೇರೇನೂ ಬೇಕಿರಲಿಲ್ಲ. ಆದರೆ ಕೇದಾರಿ ಸಾಹೇಬರು ಸ್ಪರ್ಧೆಯ ಫಲಿತಾಂಶದಲ್ಲಿ ಹೆಸರಿಲ್ಲದವರನ್ನು ಕಣ್ಣೆತ್ತಿಯೂ ನೋಡುವವರಲ್ಲ. ಅಪ್ಪನ ಮಾತು ನಂಬಿ ಅವಳು ಎರಡೂ ರಾತ್ರಿ ಕೂತಳು. ಕ್ಷೀಣವಾದ, ದೂರದ ಸದ್ದುಗಳೆಲ್ಲ ಬರುವುದು ರಾತ್ರಿಯೇ.

ಮುಂದಿನ ದಸರಾದ ಹೊತ್ತಿಗೆ ಒಂದು ಮುಂಜಾನೆ ಕೈನಾತ ಅವ್ವನ ಜೊತೆ ರೊಟ್ಟಿ ಮಾಡುತ್ತಿದ್ದಾಗ ಫೋನ್ ಬಂತು. ಹುಕ್ಕೇರಿಯ ಅಲ್ಲಪ್ಪ. ಕೆ.ಇ.ಬಿ.ಯಿಂದ ನಿವೃತ್ತನಾದವನು, ಇದೇ ಹುಚ್ಚಿನವನು, ಹಜರತಅಲಿಯ ಹಳೆಯ ಗೆಳೆಯ.

"ಅಪ್ಪ ಎಲ್ಲಿ ತಂಗಿ? ಫೋನ್ ಎತ್ತವಲ್ಲ."

"ಅಂಗಡ್ಯಾಗ ಅದಾರ್ರಿ ಕಾಕಾ. ಗದ್ದಲದಾಗ ಕೇಳಿರಲಿಕ್ಕಿಲ್ಲ. ಯಾಕ್ರಿ?"

"ಯಾಕ ಅಂತೀಯಲ್ಲ! ಫಲಿತಾಂಶ ಬಂದೈತಿ. ನಿಮ್ಮಪ್ಪ ದೇಶಕ್ಕ ಒಂದನೇ ನಂಬರ!"

ಕೈನಾತ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಖರೇನ ಕಾಕಾ? ಯಾರ ಹೆಸರ ಮೊದಲ ಐತ್ರಿ, ಅಪ್ಪಂದೋ, ನಂದೋ?"



"ನಿಂದು? ಇದು ಒಬ್ಬರ ಕುಂತ ಆಡಿದವರ ಪಟ್ಟಿ ತಂಗಿ. ಇದರಾಗ ಒಂದ ಹೆಸರ ಇರತೈತಿ."

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಕೈನಾತ ಕೈ ಒರೆಸಿಕೊಂಡು ಮೊಬೈಲಿನಲ್ಲಿ ತಾನೇ ಪಟ್ಟಿ ತೆಗೆದು ನೋಡಿದಳು. ಅಪ್ಪನ ಕಾಲ್‌ಸೈನ್ ಇತ್ತು, ಅಪ್ಪನ ಹೆಸರಿತ್ತು, ಮೂಡಲಗಿ ಎಂದೂ ಇತ್ತು. ಅವಳಿರಲಿಲ್ಲ. ಬೇಬಿಜಾನ ಮಗಳ ಮುಖ ನೋಡಿ, "ಏನಂತ?" ಎಂದು ಕೇಳಲೂ ಇಲ್ಲ. ಕರಕಾದ ರೊಟ್ಟಿ ತೆಗೆದು ಬದಿಗಿಟ್ಟು ಇನ್ನೊಂದು ಬಡಿಯತೊಡಗಿದಳು.

ಅಂದು ರಾತ್ರಿ ಹಜರತಅಲಿ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದ. ಬಾಗಿಲಲ್ಲೇ ತಾಯಿಯ ಬಾಯಿಗೊಂದು ಇಟ್ಟ, ಸೈಫಅಲಿಗೊಂದು ಕೊಟ್ಟ. ಮಗಳತ್ತ ಡಬ್ಬಿ ಚಾಚಿದ. ಅವಳು ಮುಟ್ಟಲಿಲ್ಲ.

"ನನ್ನ ಹೆಸರ ಎಲ್ಲೈತ್ರಿ ಅಪ್ಪಾ?"

ಹಜರತಅಲಿ ತಾಟಿನ ಮುಂದೆ ಕೂತು ರೊಟ್ಟಿ ಮುರಿದ. "ಅದು ಹಂಗಲ್ಲವಾ. ಇಬ್ಬರ ಹೆಸರ ಬರದ್ರ ಬ್ಯಾರೆ ವರ್ಗಕ್ಕ ಹಾಕತಾರ. ಅಲ್ಲಿ ದೊಡ್ಡ ದೊಡ್ಡ ಕ್ಲಬ್ಬಿನವರು ಗುಂಪ ಕಟ್ಟಿಕೊಂಡು ಕುಂತಿರತಾರ. ಅವರ ಮುಂದ ನಾವು ಎಲ್ಲೋ ಕೆಳಗ ಬರತಿದ್ವಿ. ಯಾರ ಕೇಳತಾರ ಅದನ್ನ?"

"ನಾ ಕೇಳತೇನಿ. ಇಬ್ಬರದೂ ಬರೀತೇನಿ ಅಂದಿದ್ರಿ."

ರಹಿಮಾಬಿ ನಡುವೆ ಬಾಯಿ ಹಾಕಿದಳು. "ಅಪ್ಪನ ಹೆಸರ ಬಂದ್ರ ಮಗಳ ಹೆಸರ ಬಂದಂಗ ಅಲ್ಲೇನ? ಯಾಕಿಷ್ಟು ಕಟಿಪಿಟಿ?"

"ಹಂಗಾದ್ರ ಆಯಿ, ನನ್ನ ಹೆಸರ ಬರದು ಅವರದು ಬಿಡಬೇಕಿತ್ತು. ಮಗಳ ಹೆಸರ ಬಂದ್ರ ಅಪ್ಪನ ಹೆಸರ ಬಂದಂಗ ಆಗತಿತ್ತಲ್ಲ."

ಸೈಫಅಲಿ ಫಕ್ಕನೆ ನಕ್ಕ. ಅಪ್ಪ ಕಣ್ಣು ಬಿಟ್ಟಾಗ ನೀರಿನ ತಂಬಿಗೆ ಎತ್ತಿ ಮುಖ ಮರೆಮಾಡಿಕೊಂಡ.

"ಇಪ್ಪತ್ತು ವರ್ಷ ಕುಂತೇನಿ ನಾ," ಎಂದ ಹಜರತಅಲಿ. "ಒಮ್ಮಿ ಬಂದೈತಿ ಒಂದನೇ ನಂಬರ. ಇಡೀ ಊರಾಗ ಎಲ್ಲಾರೂ ಖುಷಿ ಪಡಾಕತ್ತಾರ, ನನ್ನ ಮನ್ಯಾಗ ಸೂತಕ ಆದಂಗ ಕುಂತೀರಿ."

"ಎರಡೂ ರಾತ್ರಿ ನೀವು ಮಲಗಿದ್ರಿ. ನಾ ಕುಂತಿದ್ದೆ."

"ಕುಂತಿದ್ದೆಲ್ಲಿ? ನನ್ನ ಕುರ್ಚಿ ಮ್ಯಾಲ. ರೇಡಿಯೋ ಯಾರದು? ತಂತಿ ಯಾರದು? ನಿನಗ ಒಂದೊಂದ ಅಕ್ಷರ ಕಲಿಸಿದಾಂವ ಯಾರ?"

ಕಲಿಸಿದ್ದು ಅಪ್ಪನೇ, ಅದರಲ್ಲಿ ಸುಳ್ಳಿಲ್ಲ. ಆದರೆ ಕಲಿಸಿದ್ದನ್ನು ಸಾಲ ಕೊಟ್ಟವರ ಹಾಗೆ ತಿರುಗಿ ಕೇಳುವ ದಿನ ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ತಾಟು ಸರಿಸಿ ಎದ್ದು ಹೋದಳು. ಪೇಡೆಯ ಡಬ್ಬಿಗೆ ಇರುವೆ ಹತ್ತಿ ಮರುದಿನ ಅದನ್ನು ಹಿತ್ತಲಿಗೆ ಚೆಲ್ಲಬೇಕಾಯಿತು.

ಬೆಳಿಗ್ಗೆ ಬಚ್ಚಲ ಕಲ್ಲಿನ ಬಳಿ ಪಾತ್ರೆ ತಿಕ್ಕುತ್ತ ಬೇಬಿಜಾನ ತಾನಾಗಿಯೇ ಬಾಯಿ ಬಿಟ್ಟಳು.

"ಅವರಿಗೆ ಕಿವಿ ಕೇಳೂದುಲ್ಲ ಕೈನಾತ."

"ಯಾರಿಗೆ?"

"ನಿಮ್ಮಪ್ಪಗ. ಪಕ್ಕದಾಗ ನಿಂತು ಮೆತ್ತಗ ಕರದ್ರ ಕೇಳಂಗಿಲ್ಲ. ಎರಡು ವರ್ಷ ಆತು. ದೊಡ್ಡ ಸಪ್ಪಳ ಕೇಳತೈತಿ, ಸಣ್ಣದು ಹೋಗೇತಿ. ಅದಕ ರಾತ್ರಿ ನಿನ್ನ ಕುಂದ್ರಸಿದ್ರು. ಈ ಮಾತು ಯಾರ ಮುಂದೂ ಆಡಬ್ಯಾಡ ಅಂತ ಕೈ ಹಿಡದು ಹೇಳ್ಯಾರ."

ಕೈನಾತ ತೊಳೆಯುತ್ತಿದ್ದ ಗಂಗಾಳ ಕೆಳಗಿಟ್ಟಳು. ನಿನ್ನ ಕೈ ಚಲೋ ಐತಿ, ನನಗಿಂತ ಚುರುಕ ಅದಿ ಎಂದು ಅಪ್ಪ ಬೆನ್ನು ತಟ್ಟಿದ್ದು ನೆನಪಾಯಿತು. ಅವನಿಗೆ ಬೇಕಾಗಿದ್ದುದು ಬರೀ ಕಿವಿ.

"ನನ್ನ ಹೆಸರ ಬರದಿಲ್ಲ ಅನ್ನೂದೂ ನಿನಗ ಗೊತ್ತಿತ್ತೇನ ಅವ್ವಾ?"

ಬೇಬಿಜಾನ ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು.

"ಗೊತ್ತಿತ್ತು. ಕಳಸಿದ ದಿನಾನ ಹೇಳಿದ್ರು. ಮನ್ಯಾಗ ಜಗಳ ಬ್ಯಾಡಂತ ಸುಮ್ಮಕಾದೆ."

"ಇಡೀ ವರ್ಷ ನಾ ದ್ವೀಪ, ದ್ವೀಪ ಅನಕೋತ ಅಡ್ಡಾಡಿದ್ನಲ್ಲ. ಆವಾಗೂ ಸುಮ್ಮನಿದ್ದಿ?"

ಅಪ್ಪ ಮಾಡಿದ ಮೋಸಕ್ಕಿಂತ ಅವ್ವ ಮುಚ್ಚಿಟ್ಟದ್ದು ಕೈನಾತಳಿಗೆ ಹೆಚ್ಚು ಚುಚ್ಚಿತು. ಅಪ್ಪನ ಜೊತೆ ಜಗಳವಾದರೂ ಆಡಬಹುದಿತ್ತು.

ಹತ್ತು ಹದಿನೈದು ದಿನ ಕಳೆದು ಅಭಿನಂದನೆ ಹೇಳಲೆಂದು ಕೇದಾರಿ ಸಾಹೇಬರೇ ಮನೆಗೆ ಬಂದರು. ಜೊತೆಗೆ ಅಲ್ಲಪ್ಪ, ಕೈಯಲ್ಲಿ ಗೋಕಾಕದ ಕರದಂಟು. ಬೇಬಿಜಾನ ಬೆಳಗಿನಿಂದ ಒಲೆಯ ಮುಂದಿದ್ದು ಎಣಗಾಯಿ, ಶೇಂಗಾ ಹೋಳಿಗೆ, ಮಜ್ಜಿಗೆ ಸಾರು ಮಾಡಿದ್ದಳು. ಕೈನಾತಳೇ ಬಡಿಸಿದಳು. ಅವಳ ಮನಸ್ಸಿನಲ್ಲಿ ಇನ್ನೂ ಒಂದು ಆಸೆ ಇತ್ತು. ಪಟ್ಟಿಯಲ್ಲಿ ಇಲ್ಲದಿದ್ದರೆ ಹೋಗಲಿ, ಈ ಮನುಷ್ಯನ ಎದುರು ಅಪ್ಪ ಬಾಯಿಮಾತಿಗೊಮ್ಮೆ ಹೇಳಿದರೂ ಸಾಕಿತ್ತು.

"ರಾತ್ರಿ ನೀವು ಹಿಡಿದವರ ಪಟ್ಟಿ ನೋಡಿ ಬೆರಗಾದೆ ಹಜರತಅಲಿಯವರೇ," ಎಂದರು ಕೇದಾರಿ. "ಅಷ್ಟು ಕ್ಷೀಣವಾದ ಸಿಗ್ನಲ್‌ಗಳು. ಎರಡು ದಿನ ಒಬ್ಬರೇ ಹೇಗೆ ಕೂತಿರಿ? ನಿದ್ದೆ ಬರಲಿಲ್ಲವೇ?"

ಕೈನಾತ ಹೋಳಿಗೆಯ ಬುಟ್ಟಿ ಹಿಡಿದು ಅಪ್ಪನ ಎದುರಿಗೇ ನಿಂತಿದ್ದಳು. ಹಜರತಅಲಿ ಅವಳನ್ನು ನೋಡಿದ, ಆಮೇಲೆ ತಾಟು ನೋಡಿದ.

"ಮಗಳು ಚಹಾ ಮಾಡಿ ಕೊಡತಿದ್ಲರಿ. ತೂಕಡಿಸಿದ್ರ ಎಬ್ಬಸ್ತಿದ್ಲು. ಆಕೀದೂ ಭಾಳ ಸೇವಾ ಐತ್ರಿ."

"ಹಾಗೋ! ಶಹಬ್ಬಾಸ್ ಮಗಳೇ," ಎಂದರು ಸಾಹೇಬರು. "ಈ ಸಲ ದ್ವೀಪದಲ್ಲಿ ರಾತ್ರಿ ಪಾಳಿಗೆ ನಿಮ್ಮಂಥವರೇ ಬೇಕು ನೋಡಿ. ಜನೆವರಿಯಲ್ಲಿ ಬರುತ್ತೀರಲ್ಲ?"

ಹಜರತಅಲಿ ಬರುತ್ತೇನೆ ಎಂದ.

ಅಷ್ಟು ಜನರ ಮುಂದೆ ಕೈನಾತ ಒಂದು ಮಾತಾಡಿದ್ದರೆ ಸಾಕಿತ್ತು, ಅಪ್ಪನ ಮಾನ ಹೋಳಿಗೆಯ ಜೊತೆ ಅಲ್ಲೇ ಮುರಿದು ಬೀಳುತ್ತಿತ್ತು. ಆಡಲಿಲ್ಲ. ಬುಟ್ಟಿಯನ್ನು ಅವ್ವನ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು. ಕೈ ತೊಳೆಯಲು ಬಂದ ಅಲ್ಲಪ್ಪ ನಳದ ಮುಂದೆ ನಿಂತು ಮೆಲ್ಲಗೆ ಕೇಳಿದ.

"ಹೋದ ವರ್ಷ ರಾತ್ರಿ ಕುಂತಾಕಿ ನೀನ ಹೌದಲ್ಲೋ?"

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.

"ಇಪ್ಪತ್ತು ವರ್ಷದಿಂದ ನಿಮ್ಮಪ್ಪನ ಕೈ ಕೇಳೇನಿ ತಂಗಿ. ತನ್ನ ಕಾಲ್‌ಸೈನ್ ಬಡಿಯುವಾಗ ಮೂರನೇ ಅಕ್ಷರ ಆದ ಮ್ಯಾಲ ಒಂಚೂರು ನಿಂತು ಮುಂದ ಹೋಗತಾನ. ಅವತ್ತು ರಾತ್ರಿ ಕೈ ಎಲ್ಲೂ ನಿಂತಿರಲಿಲ್ಲ. ಆವಾಗ ಸಂಶೇ ಬಂದಿತ್ತು. ನೀ ಫೋನಿನ್ಯಾಗ ಹೆಸರ ಕೇಳಿದಾಗ ಖಾತ್ರಿ ಆತು."

"ಮತ್ತ ಸಾಹೇಬ್ರ ಮುಂದ ಹೇಳಬೇಕಿತ್ತಲ್ಲರಿ ಕಾಕಾ."

"ಅದು ನಾ ಹೇಳೂ ಮಾತಲ್ಲವಾ. ಆದ್ರ ಒಂದ ಮಾತ ಹೇಳತೇನಿ. ನಂದು ಈ ಸಲ ಕಣ್ಣಿನ ಆಪರೇಶನ್ ಐತಿ, ನಾ ಕುಂದ್ರೂದುಲ್ಲ. ರೇಡಿಯೋ ಐತಿ, ತಂತಿ ಐತಿ, ಕುರ್ಚಿ ಖಾಲಿ ಐತಿ. ಹುಕ್ಕೇರಿಗೆ ಬಾ. ನಿನ್ನ ಕಾಲ್‌ಸೈನ್ ಮ್ಯಾಲ ಕುಂದ್ರು."

ಅಂದಿನಿಂದ ಮನೆಯಲ್ಲಿ ಬೇರೆಯದೇ ಒಂದು ಗಾಳಿ. ಕೈನಾತ ಎಲ್ಲ ಕೆಲಸ ಮಾಡುತ್ತಿದ್ದಳು. ಅಂಗಳ ಗುಡಿಸುತ್ತಿದ್ದಳು, ಓಣಿಯ ಮಕ್ಕಳಿಗೆ ಟ್ಯೂಶನ್ ಹೇಳುತ್ತಿದ್ದಳು, ಅಪ್ಪನ ತಾಟು ಹಾಕಿ ಊಟಕ್ಕ ಬರ್ರಿ ಎಂದು ಕರೆಯುತ್ತಿದ್ದಳು. ರೇಡಿಯೋ ಇದ್ದ ಮೂಲೆಗೆ ಮಾತ್ರ ಕಾಲಿಡಲಿಲ್ಲ. ಮೊದಲು ಅಪ್ಪ ಮಗಳು ಕೂತರೆ ಯಾವ ದೇಶ ಯಾವಾಗ ಸಿಗುತ್ತದೆಂಬ ಮಾತಿಗೆ ಸಾರು ಆರಿ ಹೋಗುತ್ತಿತ್ತು. ಈಗ ಹಜರತಅಲಿ ಬಿಸಿಬಿಸಿ ಉಂಡು ಏಳುತ್ತಿದ್ದ. ಒಂದು ದಿನ ಅವನು ಹೊಸ ಹೆಡ್‌ಫೋನ್ ತಂದು ಅವಳ ಪುಸ್ತಕಗಳ ಮೇಲೆ ಇಟ್ಟ. ಅದು ಡಬ್ಬಿಯಿಂದ ಹೊರಗೆ ಬರಲಿಲ್ಲ.

ಸ್ಪರ್ಧೆಯ ವಾರ ಬಂದಾಗ ಊಟದ ಹೊತ್ತಿಗೆ ಕೈನಾತ ಹೇಳಿದಳು.

"ಶುಕ್ರವಾರ ನಾ ಹುಕ್ಕೇರಿಗೆ ಹೋಗತೇನಿ. ಅಲ್ಲಪ್ಪ ಕಾಕಾರ ಮನ್ಯಾಗ ಕುಂದರತೇನಿ, ನನ್ನ ಹೆಸರಿನ ಮ್ಯಾಲ."

ರಹಿಮಾಬಿ ಎದೆ ಬಡಿದುಕೊಂಡಳು. "ಹರೇದ ಹುಡುಗಿ, ಮಂದಿ ಮನ್ಯಾಗ ಎರಡು ರಾತ್ರಿ! ಓಣ್ಯಾಗ ತಲಿ ಎತ್ತಿ ಅಡ್ಡಾಡಬೇಕೋ ಬ್ಯಾಡೋ?"

"ಸಾತವ್ವ ಕಾಕೂ ಇರತಾರ ಆಯಿ. ಅವರ ಕ್ವಾಣ್ಯಾಗ ಮಲಗತೇನಿ."

"ನೀ ಏನರೆ ಹೇಳೋ ಹಜರತ್," ಎಂದು ಮುದುಕಿ ಮಗನತ್ತ ತಿರುಗಿದಳು.

ಹಜರತಅಲಿ ಮುರಿದ ರೊಟ್ಟಿಯನ್ನು ತಿರುಗಿ ತಾಟಿಗೇ ಇಟ್ಟ. ಅವನ ಮುಖ ನೋಡಿ ಬೇಬಿಜಾನಳಿಗೆ ಅಯ್ಯೋ ಎನಿಸಿತು, ಆದರೆ ಈ ಸಲ ಅವಳು ಅವನ ಪರ ಮಾತಾಡಲಿಲ್ಲ.

"ನೀ ಹೋದ್ರ," ಎಂದ ಅವನು ಕಡೆಗೂ, "ನಾ ಒಬ್ಬನ ಹೆಂಗ ಕುಂದರ್ಲಿ?"

"ಒಬ್ಬರ ಕುಂತ ಒಂದನೇ ನಂಬರ ಬಂದೀರಲ್ಲರಿ ಅಪ್ಪಾ."

ಸೈಫಅಲಿ ಈ ಸಲ ನಗಲಿಲ್ಲ. ತಾಟಿನಲ್ಲಿ ಕೈ ತೊಳೆದುಕೊಂಡು, "ಶುಕ್ರವಾರ ಮುಂಜಾನೆ ಗಾಡಿ ಮ್ಯಾಲ ನಾನ ಬಿಟ್ಟ ಬರತೇನಿ," ಎಂದ. ಅಣ್ಣನ ಬಾಯಿಂದ ಅವಳ ಪರವಾಗಿ ಬಂದ ಮೊದಲ ಮಾತು ಅದು.

ಶುಕ್ರವಾರ ಬೇಬಿಜಾನ ಸಜ್ಜಿ ರೊಟ್ಟಿ, ಕೆಂಪು ಚಟ್ನಿ ಕಟ್ಟಿ ಕೊಟ್ಟಳು. ಕೊಡುವಾಗ ಮಗಳ ಕೈ ಹಿಡಿದು ಏನೋ ಹೇಳಲು ಹೋದಳು. ಕೈನಾತ ಬುತ್ತಿ ತೆಗೆದುಕೊಂಡಳು, ಕೈ ಬಿಡಿಸಿಕೊಂಡಳು. ಹಜರತಅಲಿ ಅಂದು ಬೇಗನೆ ಅಂಗಡಿಗೆ ಹೋಗಿಬಿಟ್ಟಿದ್ದ.

ಹುಕ್ಕೇರಿಯಲ್ಲಿ ಅಲ್ಲಪ್ಪ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಮಲಗಿದ್ದ. ರೇಡಿಯೋ ಒಳಗಿನ ಕೋಣೆಯಲ್ಲಿ. ಅವನ ಹೆಂಡತಿ ಸಾತವ್ವ ಕುರ್ಚಿಗೆ ಕೌದಿ ಮಡಚಿ ಹಾಕಿ, ಬಾಗಿಲಿಗೆ ಅಡ್ಡ ಕೂತು, ಬಂದ ನೆರೆಯವರನ್ನೆಲ್ಲ, "ನಮ್ಮ ಹುಡುಗಿ ಪರೀಕ್ಷಾ ಬರೀಯಾಕತ್ತಾಳ, ಆಮ್ಯಾಲ ಬರ್ರಿ," ಎಂದು ಸಾಗಹಾಕಿದಳು. ಕೈನಾತ ತನ್ನ ಕಾಲ್‌ಸೈನ್ ಬಡಿದು ಜಗತ್ತನ್ನು ಕರೆದಳು. ಮೊದಲು ಒಬ್ಬ ಬಂದ, ಆಮೇಲೆ ಇಬ್ಬರು. ಶನಿವಾರ ಸಂಜೆಯ ಹೊತ್ತಿಗೆ ಜಪಾನಿನವರು ಗುಂಪುಗುಂಪಾಗಿ ಮುತ್ತಿಕೊಂಡರು. ಪ್ರತಿಯೊಬ್ಬರೂ ಅವಳ ಹೆಸರನ್ನು ಬಡಿದು ಕರೆದು, ಸದ್ದು ಹೇಗೆ ಕೇಳಿತೆಂಬ ವರದಿ ಕೊಟ್ಟು, ವರದಿ ಪಡೆದು ಹೋಗುತ್ತಿದ್ದರು. ಯಾರೂ ಅವಳಿಗೆ ನೀನು ಯಾರ ಮಗಳು ಎಂದು ಕೇಳಲಿಲ್ಲ. ಅವಳು ಊಟ ಮರೆತಳು, ದಣಿವು ಮರೆತಳು, ಇಷ್ಟು ವಾರಗಳಲ್ಲಿ ಮೊದಲ ಸಲ ಅಪ್ಪನನ್ನೂ ಮರೆತಳು.

ರವಿವಾರ ಬಿಸಿಲು ಏರುವ ಹೊತ್ತಿಗೆ ಸಾಲಿನಲ್ಲಿ ಒಂದು ಜೋರಾದ ಸಿಗ್ನಲ್ ಕೇಳಿತು. ದೂರದ್ದಲ್ಲ, ಹತ್ತಿರದ್ದು. ಮೂರು ಅಕ್ಷರ, ಒಂಚೂರು ತಡೆ, ಆಮೇಲೆ ಉಳಿದದ್ದು.

ಕೈನಾತಳ ಕೈ ನಿಂತಿತು. ಆ ಸ್ಪರ್ಧೆಯಲ್ಲಿ ಸ್ವಂತ ದೇಶದವರನ್ನು ಹಿಡಿದರೆ ಒಂದು ಅಂಕವೂ ಇಲ್ಲ. ಇಪ್ಪತ್ತು ವರ್ಷಗಳಲ್ಲಿ ಹಜರತಅಲಿ ಅಂಥ ಕರೆಗೆ ಒಂದು ಕ್ಷಣ ಹಾಳು ಮಾಡಿದವನಲ್ಲ. ಅಲ್ಲಪ್ಪ ಕರೆದರೂ ಆಮೇಲೆ ಫೋನ್ ಮಾಡಿ ಬೈಯುತ್ತಿದ್ದ. ಈಗ ಜಪಾನಿನವರ ಹಿಂದೆ ಸಾಲಿನಲ್ಲಿ ನಿಂತು ಮಗಳನ್ನು ಕರೆಯುತ್ತಿದ್ದ.

ಕರೆದವರಿಗೆ ಉತ್ತರ ಕೊಡುವುದು ವಾಡಿಕೆ. ಅವಳು ಅವನ ಕಾಲ್‌ಸೈನ್ ಬಡಿದಳು, ಎಲ್ಲರಿಗೂ ಕೊಡುವ ವರದಿ ಕೊಟ್ಟಳು. ಅವನೂ ವರದಿ ಕೊಟ್ಟ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸ್ಪರ್ಧೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದ ಹಜರತಅಲಿ. ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ, ಚಿಕ್ಕಂದಿನಲ್ಲಿ ಅವಳಿಗೆ ಕಲಿಸುತ್ತಿದ್ದಷ್ಟು ನಿಧಾನವಾಗಿ ಅವಳ ಹೆಸರು ಬಡಿದ. ಕೈನಾತ. ಸಾಲಿನಲ್ಲಿ ನಿಂತಿದ್ದವರೆಲ್ಲ ಸುಮ್ಮನಾದರು. ಒಂದು ವರ್ಷ ಅವಳು ಯಾವ ಹೆಸರಿಗಾಗಿ ಕಾದಿದ್ದಳೋ ಆ ಹೆಸರು ಎಲ್ಲರೂ ಕೇಳುವ ಹಾಗೆ ಗಾಳಿಯಲ್ಲಿ ಬಂತು. ಆಮೇಲೆ ಅವನೂ ಸುಮ್ಮನಾಗಿ ಉತ್ತರಕ್ಕೆ ಕಾದ.

ಅವಳ ಕಣ್ಣು ತುಂಬಿತು. ಇದೇ ಹೆಸರನ್ನು ಕೇದಾರಿ ಸಾಹೇಬರ ಮುಂದೆ ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು ಎಂದುಕೊಂಡಳು. ಕಣ್ಣೊರೆಸಿಕೊಂಡು, ಬಂದವರಿಗೆಲ್ಲ ಬಡಿಯುವ ಹಾಗೆ ಥ್ಯಾಂಕ್ಸ್ ಎಂಬ ಎರಡಕ್ಷರದ ಸಂಕೇತ ಬಡಿದಳು. ಅದರ ಬೆನ್ನಿಗೇ ತನ್ನ ಕಾಲ್‌ಸೈನ್ ಬಡಿದಳು. ಮುಂದಿನವರು ಬರಬಹುದು ಎಂದು ಅದರ ಅರ್ಥ.

ಚಹಾ ಹಿಡಿದು ಬಂದ ಸಾತವ್ವ ಹುಡುಗಿಯ ಮುಖ ನೋಡಿ ಗಾಬರಿಯಾದಳು.

"ಯಾಕ ಅಳಾಕತ್ತಿ ತಂಗಿ? ಯಾರಿದ್ರವಾ ಅದರಾಗ?"

"ಯಾರೂ ಅಲ್ಲರಿ ಕಾಕೂ," ಎಂದಳು ಕೈನಾತ. "ಮೂಡಲಗಿಯವರು ಯಾರೋ ಒಬ್ಬರು."